ಬೀಜ ನಮ್ಮ ಕಣಜದಲ್ಲಿ, ಬರಹ ಯಾರ ಉಗ್ರಾಣದಲ್ಲಿ?
(ಹೋಬಳಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲದ ಮಾತು ಬಿಟ್ಟು ಇವತ್ತು ಕಂಪ್ಯೂಟರ್ ವಿಷಯ ಯಾಕಪ್ಪಾ ಎತ್ತಿದ ಅಂತೀರಿ. ಇದೂ ಬೆಲೆಯ ಮಾತೇ, ಸ್ವಲ್ಪ ಕೇಳಿ.

ಭತ್ತದ ಕಾಳಿನ ಗುಣವೆಲ್ಲ ಡಿಎನ್‌ಎ ಎಂಬ ಎಳೆಯಲ್ಲಿ ಬರೆದಿರುತ್ತದೆ. ಆ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಭತ್ತದಲ್ಲಿ ಇವು ಸಾಲಾಗಿ ಸುಮಾರು 39 ಕೋಟಿ ಬರುತ್ತವೆ. 2005ರಲ್ಲಿ ಹಲವು ದೇಶದ ವಿಜ್ಞಾನಿಗಳು, ನಮ್ಮವರೂ ಸೇರಿ, ಅದನ್ನು ಓದಿ ಪ್ರಕಟಿಸಿದರು. ಕೈಯಲ್ಲಿ ಬರೆದಿಡುವ ಲೆಕ್ಕವೇ ಇದು? ಅದಕ್ಕೇ ಕಂಪ್ಯೂಟರಿನ ಉಗ್ರಾಣ. ಅಮೆರಿಕದ ಜೆನ್‌ಬ್ಯಾಂಕ್ 1982ರಲ್ಲಿ ಶುರುವಾಯಿತು. ಯೂರೋಪು, ಜಪಾನಿನ ಉಗ್ರಾಣಗಳೂ ಅದೂ ತಮ್ಮಲ್ಲಿರುವುದನ್ನು ಹಂಚಿಕೊಳ್ಳುತ್ತವೆ. ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು.

ಇಟ್ಟರೆ ಸಾಲದು, ಹುಡುಕಬೇಕಲ್ಲ. 1990ರಲ್ಲಿ ಬ್ಲಾಸ್ಟ್ ಎಂಬ ತಂತ್ರಾಂಶ ಬಂತು. ತಂತ್ರಾಂಶ ಅಂದ್ರೆ ಯಂತ್ರಕ್ಕೆ ಕೊಡುವ ಅಪ್ಪಣೆಗಳ ಕಟ್ಟು. ಒಂದು ತುಂಡು ಬರಹ ಕೊಟ್ಟರೆ ಅದು ಉಗ್ರಾಣವನ್ನೆಲ್ಲ ಜಾಲಾಡಿ ಹೋಲುವ ಸಾಲುಗಳನ್ನು ತೆಗೆದಿಡುತ್ತದೆ. ಹಿಂದೆ ಒಂದು ಸರ್ವೆ ನಂಬರ್ ಹುಡುಕೋಕೆ ಶಾನುಭೋಗರು ಅರ್ಧ ದಿನ ಕೂರಿಸ್ತಿದ್ದರು, ನೆನಪಿದೆಯಲ್ಲ!

ಒಡಿಶಾದ ರೈತರು ನೆರೆ ನೀರಿನಲ್ಲಿ ಮುಳುಗಿದರೂ ಸಾಯದ ಒಂದು ನಾಟಿ ಭತ್ತ ಕಾಪಾಡಿಕೊಂಡು ಬಂದಿದ್ದರು. ಅದರಿಂದ ಆರಿಸಿದ ತಳಿ ಎಫ್‌ಆರ್ 13ಎ. ಆ ಗುಣ ಕೊಡುವ ಸಬ್1ಎ ಎಂಬ ಬರಹವನ್ನು 2006ರಲ್ಲಿ ಗುರುತಿಸಿದರು. 2009ರಲ್ಲಿ ಸ್ವರ್ಣ-ಸಬ್1 ನಮ್ಮ ದೇಶದ ಗದ್ದೆಗೆ ಬಂತು. ಎರಡು ವಾರ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಸಾರ್ವಜನಿಕ ಸಂಸ್ಥೆಗಳು ಮಾಡಿದ ಒಳ್ಳೇ ಕೆಲಸ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ನಾಳೆ ಒಂದು ಕಂಪನಿ ಇಂಥ ಬರಹದಿಂದಲೇ ಲಾಭ ಮಾಡಿಕೊಂಡರೆ, ಬೀಜ ಕಾದವನಿಗೆ ಏನು ಬಂತು? ಹಿಂದೆ ಕಾಳು ಬೇಕಾದ್ರೆ ನಮ್ಮ ಜಗಲಿಗೆ ಬಂದು ಕೇಳಬೇಕಿತ್ತು. ಈಗ ಬರಹ ಸಾಕು. ಅದು ಯಾವ ದೇಶದ್ದು ಎಂದು ಉಗ್ರಾಣದಲ್ಲಿ ಕಾಣಿಸುವುದೂ ಬಹುಕಾಲ ಕಡ್ಡಾಯವಿರಲಿಲ್ಲ.

2024ರಲ್ಲಿ ಕೊಲಂಬಿಯಾದ ಕಾಲಿ ನಗರದ ಜೀವವೈವಿಧ್ಯ ಸಮ್ಮೇಳನ ಇದಕ್ಕೊಂದು ನಿಧಿ ಮಾಡಿತು. ಇಂಥ ಬರಹದಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 1, ಇಲ್ಲವೇ ವರಮಾನದಲ್ಲಿ ಸಾವಿರಕ್ಕೆ 1 ಕೊಡಬೇಕಂತೆ. ಕಡ್ಡಾಯವೇನಲ್ಲ! ಸೊಸೈಟಿ ಸಾಲವನ್ನು ಇಷ್ಟವಿದ್ದರೆ ಕಟ್ಟಿ ಅಂತ ನಿಮಗೆ ಯಾರಾದ್ರೂ ಹೇಳಿದ್ದಾರಾ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತನ್ನ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ನಿಮ್ಮ ಮನೇಲಿ ಅಜ್ಜನ ಕಾಲದ ರಾಗಿ, ಭತ್ತ ಇದ್ದರೆ ಮೊದಲು ಆ ಅರ್ಜಿ ಹಾಕಿ. ಯಾರಾದರೂ ಕಾಳು ಕೇಳಿ ಬಂದರೆ ಊರು, ಹೆಸರು, ತಾರೀಖು ಬರೆಸಿ, ಅವರ ಸಹಿ ಇರುವ ಒಂದು ಪ್ರತಿಯನ್ನು ಪಹಣಿ ಜೊತೆಗೇ ಕಟ್ಟಿಡಿ.