ರಕ್ಷಣೆ ಯಾರಿಗೆ? ಬರ್ಮಿಂಗ್‌ಹ್ಯಾಮಿನಲ್ಲಿ ನಿಂತು ಕೇಳಿಕೊಂಡ ಪ್ರಶ್ನೆ



ನಾನು ಧಾರವಾಡದ ಪ್ರಾಟೆಸ್ಟೆಂಟ್ ಕುಟುಂಬವೊಂದರಲ್ಲಿ ಬೆಳೆದವನು. ಹತ್ತು ವರ್ಷದವನಿದ್ದಾಗ ಸಂಡೇ ಸ್ಕೂಲಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ: ಪಕ್ಕದ ಮನೆಯ ಅಜ್ಜಿ ದಿನವೂ ಲಿಂಗಪೂಜೆ ಮಾಡುತ್ತಾರೆ, ಹಸಿದು ಬಂದವರಿಗೆ ರೊಟ್ಟಿ ಇಲ್ಲವೆಂದವರಲ್ಲ, ಯೇಸುವನ್ನು ನಂಬದ ಅವರಿಗೆ ರಕ್ಷಣೆಯಿಲ್ಲವೇ? ಉತ್ತರವಾಗಿ ಬೈಬಲ್ಲಿನ ವಾಕ್ಯವೊಂದು ಬಂತು. ಅದು ನಿಜವೆಂದು ತಿಳಿಯುವುದು ಹೇಗೆಂದೆ. ಅದು ದೇವರ ಮಾತು ಎಂದರು. ದೇವರ ಮಾತೆಂದು ಹೇಳುವವರು ಯಾರು? ಅದೇ ಗ್ರಂಥ. ಈ ವರ್ತುಲದಿಂದ ಹೊರಬರಲು ನನಗೆ ಬಹಳ ವರ್ಷ ಹಿಡಿಯಿತು.

ಈ ಪ್ರಶ್ನೆಗೆ ದೀರ್ಘ ಪರಂಪರೆಯಿದೆ ಎಂಬ ಅರಿವು ಮೂಡಿದ್ದು ಈ ದೇಶಕ್ಕೆ ಬಂದ ಮೇಲೆ. ಲೀಡ್ಸ್‌ನ ಸಿಟಿ ಸ್ಕ್ವೇರ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿಯವರ ಪ್ರತಿಮೆಯಿದೆ. ಆಮ್ಲಜನಕದ ಪಾಠದಲ್ಲಿ ನಾವೆಲ್ಲ ಓದಿದ ಹೆಸರು. 1733ರಲ್ಲಿ ಲೀಡ್ಸ್ ಸಮೀಪದ ಬರ್ಸ್ಟಲ್‌ನಲ್ಲಿ ಹುಟ್ಟಿದ ಅವರಿಗೆ ತಾರುಣ್ಯದಲ್ಲೇ ತಮ್ಮ ಸಭೆಯ ಸದಸ್ಯತ್ವ ನಿರಾಕರಿಸಲ್ಪಟ್ಟಿತು. ಆದಾಮನ ಪಾಪಕ್ಕೆ ಮನುಕುಲವೆಲ್ಲ ಹೊಣೆಯೆಂಬುದನ್ನು ಅವರು ಒಪ್ಪಿರಲಿಲ್ಲ. ಮುಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಪಾದ್ರಿಯಾಗಿದ್ದಾಗ, 1782ರಲ್ಲಿ, ತ್ರಿಯೇಕತ್ವದಂಥ ತತ್ವಗಳು ಮೂಲದಲ್ಲಿರಲಿಲ್ಲ, ನಂತರ ಸೇರಿಕೊಂಡವು ಎಂದು ವಾದಿಸುವ ಗ್ರಂಥ ಪ್ರಕಟಿಸಿದರು. ತ್ರಿಯೇಕತ್ವವನ್ನು ನಿರಾಕರಿಸುವುದು ಈ ದೇಶದಲ್ಲಿ 1813ರವರೆಗೂ ಅಪರಾಧವಾಗಿತ್ತು.

1791ರ ಜುಲೈ 14ರಂದು, ಫ್ರೆಂಚ್ ಕ್ರಾಂತಿಯ ನೆನಪಿನ ಭೋಜನಕೂಟವೊಂದು ನೆಪವಾಗಿ, ಚರ್ಚು ಮತ್ತು ರಾಜನ ಹೆಸರು ಕೂಗುತ್ತ ಗುಂಪೊಂದು ಬರ್ಮಿಂಗ್‌ಹ್ಯಾಮಿನ ಬೀದಿಗಿಳಿಯಿತು. ಪ್ರೀಸ್ಟ್ಲಿ ಆ ಭೋಜನಕ್ಕೆ ಹೋಗಿರಲೇ ಇಲ್ಲ. ಆದರೂ ಅವರ ಪ್ರಾರ್ಥನಾಮಂದಿರ ಸುಟ್ಟುಹೋಯಿತು. ಮನೆ, ಗ್ರಂಥಾಲಯ, ಪ್ರಯೋಗಾಲಯಗಳು ನಾಶವಾದವು. 1794ರಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದರು. ಗಮನಿಸಿ: ಅವರು ನಾಸ್ತಿಕರಾಗಿರಲಿಲ್ಲ. ಕೊನೆಯವರೆಗೂ ಕ್ರಿಸ್ತನನ್ನು ನಂಬಿದವರು.

ಅರ್ಧ ಶತಮಾನದ ನಂತರ, 1842ರಲ್ಲಿ, ಕೊವೆಂಟ್ರಿಯಲ್ಲಿ ಮೇರಿ ಆನ್ ಇವಾನ್ಸ್ ಎಂಬ ಇಪ್ಪತ್ತೆರಡರ ಯುವತಿ ತಂದೆಯ ಜೊತೆ ಚರ್ಚಿಗೆ ಬರಲಾರೆನೆಂದರು. ಮನೆ ಒಡೆಯುವ ಸ್ಥಿತಿ ಬಂತು. ಕೊನೆಗೆ ರಾಜಿಯಾಯಿತು: ಚರ್ಚಿಗೆ ಬರುತ್ತೇನೆ, ಯೋಚನೆ ಮಾತ್ರ ನನ್ನದು. ಸುವಾರ್ತೆಗಳ ಪವಾಡಗಳನ್ನು ಪುರಾಣವೆಂದು ವಿಶ್ಲೇಷಿಸಿದ ಡೇವಿಡ್ ಸ್ಟ್ರಾಸ್‌ನ ಜರ್ಮನ್ ಗ್ರಂಥವನ್ನು 1846ರಲ್ಲಿ ಇಂಗ್ಲಿಷಿಗೆ ತಂದವರು ಅವರೇ. ಲೋಕ ಅವರನ್ನು ಜಾರ್ಜ್ ಎಲಿಯಟ್ ಎಂದು ಬಲ್ಲದು.

ನಂಬಿಕೆ ಬಹುಮಟ್ಟಿಗೆ ಹುಟ್ಟಿದ ಮನೆಯ ಆಕಸ್ಮಿಕ. ಆ ಆಕಸ್ಮಿಕದ ಮೇಲೆ ನಿತ್ಯಜೀವವನ್ನೋ ನಿತ್ಯದಂಡನೆಯನ್ನೋ ನಿರ್ಧರಿಸುವ ದೇವರು ನ್ಯಾಯವಂತನಾಗುವುದು ಹೇಗೆ? ಚರ್ಚುಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರೂ ರಕ್ಷಣೆ ಪಡೆಯಬಲ್ಲರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನನ್ನ ಅಜ್ಜಿಗೆ ಬಾಗಿಲು ತೆರೆಯಿತೆಂಬ ಸಂತೋಷ ನನಗೂ ಇದೆ. ಆದರೆ ಬಾಗಿಲನ್ನು ಮನುಷ್ಯರು ತೆರೆಯಬಲ್ಲರಾದರೆ, ಹಿಂದೆ ಮುಚ್ಚಿದವರೂ ಮನುಷ್ಯರೇ ಅಲ್ಲವೇ?

ಇಷ್ಟು ಹೇಳಿದಾಗ ಕೆಲವು ಕನ್ನಡಿಗ ಮಿತ್ರರು ಹಿಗ್ಗುತ್ತಾರೆ, 'ನೋಡಿ, ಕ್ರಿಶ್ಚಿಯನ್ನನೇ ಒಪ್ಪಿಕೊಂಡ' ಎಂದು. ಅವರ ಹಿಗ್ಗು ನನಗೆ ಭಯ ಹುಟ್ಟಿಸುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳ ಮೇಲೆ ದಾಳಿ ಮಾಡಿದವರು ಮೂಲಪಾಪದ ಬಗ್ಗೆ ಚರ್ಚಿಸಲು ಬಂದವರಲ್ಲ. ಅವರು ಬರ್ಮಿಂಗ್‌ಹ್ಯಾಮಿನ ಆ ಗುಂಪಿನ ಬಂಧುಗಳು, ಪ್ರೀಸ್ಟ್ಲಿಯವರ ಬಂಧುಗಳಲ್ಲ. ನನ್ನ ಸಂದೇಹವನ್ನು ಅವರ ಕೈಗೆ ದೊಣ್ಣೆಯಾಗಿ ಕೊಡಲಾರೆ. ನನ್ನೂರಿನಲ್ಲೇ, ವಚನಗಳನ್ನು ಸಂಶೋಧಕನ ಕಣ್ಣಿಂದ ಓದಿದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಬೈಬಲ್ಲಿಗೆ ಕೇಳುವ ಪ್ರಶ್ನೆಯನ್ನು ನಮ್ಮ ನಮ್ಮ ಗ್ರಂಥಗಳಿಗೂ ಕೇಳಲು ಸಿದ್ಧರಿಲ್ಲದವರು ಸಂದೇಹವಾದಿಗಳಲ್ಲ, ಕೇವಲ ಎದುರುಪಕ್ಷದವರು.

ಕನ್ನಡದಲ್ಲಿ ರಕ್ಷಣೆ ಎಂದರೆ ಮೋಕ್ಷವೂ ಹೌದು, ಕಾಪಾಡುವುದೂ ಹೌದು. ಮೊದಲನೆಯದರ ಬಗ್ಗೆ ನನಗೆ ಸಂದೇಹವಿದೆ. ಎರಡನೆಯದು ನಮ್ಮ ಕೈಯಲ್ಲಿದೆ: ಪ್ರಾರ್ಥಿಸುವವರಿಗೂ ಬೇಕು, ಪ್ರಶ್ನಿಸುವವರಿಗೂ ಬೇಕು.