ಕಚೇರಿಯ ಬಾಗಿಲೂ ಪದವಿಯ ಬೀಗವೂ

(ಉಡುಪಿಯ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಕೀಲನಾದ ನನಗೆ ವ್ಯಾಜ್ಯದ ಮಾತೇ ಸಹಜವಾಗಿ ಬರುತ್ತದೆ. ಆದಕಾರಣ ಇಂದು ತಮ್ಮ ಮುಂದೆ ಒಂದು ವ್ಯಾಜ್ಯವನ್ನೇ ಇಡುತ್ತೇನೆ. ವಾದಿಗಳು, ಕಾಲೇಜಿನ ಮೆಟ್ಟಿಲು ಹತ್ತಲಾರದೆ ಹೋದ ಕನ್ನಡ ನಾಡಿನ ಮಕ್ಕಳು. ಪ್ರತಿವಾದಿ, ಸರಕಾರೀ ನೌಕರಿಯ ಜಾಹೀರಾತಿನಲ್ಲಿ ಕಾಣುವ ‘ಪದವೀಧರರಾಗಿರತಕ್ಕದ್ದು’ ಎಂಬ ಒಂದೇ ಸಾಲು. ತೀರ್ಪು ಕೊಡತಕ್ಕವರು ತಾವು.

ಮೊದಲು ಸಾಕ್ಷಿಯನ್ನು ಕರೆಯುತ್ತೇನೆ. ಕಾಪುವಿನ ಕಡಲ ತಡಿಯ ಮೀನುಗಾರರ ಮನೆಯ ತರುಣನೊಬ್ಬನು ನನ್ನಲ್ಲಿ ಗುಮಾಸ್ತೆಯಾಗಿದ್ದಾನೆ. ಪಿಯುಸಿ ತೇರ್ಗಡೆಯಾದ ವರ್ಷವೇ ತಂದೆ ಹಾಸಿಗೆ ಹಿಡಿದರು. ಓದು ಅಲ್ಲಿಗೆ ನಿಂತಿತು. ಬೆರಳಚ್ಚು ಕಲಿತು ನನ್ನಲ್ಲಿಗೆ ಬಂದನು. ಇಂದು ಅವನು ಹಳೆಯ ದಸ್ತಾವೇಜುಗಳ ಮೋಡಿ ಅಕ್ಷರವನ್ನು ಓದಬಲ್ಲನು. ಮೂಲಗೇಣಿ ಯಾವುದು, ಚಾಲಗೇಣಿ ಯಾವುದು, ವರ್ಗದ ಜಮೀನಿಗೆ ಹೊಂದಿದ ಕುಮ್ಕಿ ಎಲ್ಲಿಯವರೆಗೆ ಎಂಬುದನ್ನು ಕಡತ ನೋಡಿ ಹೇಳಬಲ್ಲನು. ಪದವಿ ಪಡೆದು ಬಂದ ಕಿರಿಯರು ಅವನ ಬಳಿಯೇ ಕುಳಿತು ಇವನ್ನೆಲ್ಲ ಕಲಿಯುತ್ತಾರೆ. ಒಂದು ದಿನ ಪ್ರಥಮ ದರ್ಜೆ ಸಹಾಯಕರ ಹುದ್ದೆಗಳ ಜಾಹೀರಾತನ್ನು ಓದಿ, ಕಾಗದವನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು, “ಇದು ನಮಗಲ್ಲ, ವಕೀಲರೇ” ಎಂದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ನನ್ನನ್ನು ಹೆಚ್ಚು ನೋಯಿಸಿತು.

ನಮ್ಮ ರಾಜ್ಯದ ನಿಯಮವನ್ನು ಸ್ವಲ್ಪ ಪರೀಕ್ಷಿಸೋಣ. ದ್ವಿತೀಯ ದರ್ಜೆ ಸಹಾಯಕನಿಗೆ ಪಿಯುಸಿ ಸಾಕು. ಪ್ರಥಮ ದರ್ಜೆಗೆ ನೇರವಾಗಿ ಸೇರುವವನಿಗೆ ಪದವಿ ಬೇಕು. ಆದರೆ ದ್ವಿತೀಯ ದರ್ಜೆಯಲ್ಲಿ ಸೇರಿದವನು ಸೇವಾನುಭವದ ಬಲದಿಂದ ಬಡ್ತಿ ಹೊಂದಿ ಪ್ರಥಮ ದರ್ಜೆಯ ಅದೇ ಕುರ್ಚಿಯಲ್ಲಿ ಕುಳಿತು ಅದೇ ಕಡತವನ್ನು ನೋಡುತ್ತಾನೆ. ಹಾಗಾದರೆ ಆ ಕೆಲಸಕ್ಕೆ ಪದವಿ ಅನಿವಾರ್ಯವಲ್ಲವೆಂದು ಸರಕಾರವೇ ಒಪ್ಪಿದಂತಾಯಿತಲ್ಲವೆ? ಹಳ್ಳಿಯ ಜಮೀನಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ ಸಾಕಾಗಿರುವಾಗ, ಕಚೇರಿಯೊಳಗೆ ಪತ್ರ ಬರೆದು ಕಡತ ಕಟ್ಟುವವನಿಗೆ ಅದು ಸಾಲದೆಂಬುದು ಯಾವ ನ್ಯಾಯ?

ಈ ರೋಗದ ಮೂಲ ಹಳೆಯದು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು, ಇಂಗ್ಲಿಷ್ ವಿದ್ಯೆ ಕಲಿತವರಿಗೆ ಸರಕಾರೀ ಉದ್ಯೋಗದಲ್ಲಿ ಪ್ರಾಶಸ್ತ್ಯವೆಂದು ಸಾರಿದನು. 1857ರಲ್ಲಿ ಮದರಾಸಿನ ವಿಶ್ವವಿದ್ಯಾನಿಲಯ ಹುಟ್ಟಿತು. ಅಂದಿನಿಂದ ವಿದ್ಯೆಯು ನೌಕರಿಯ ರಹದಾರಿಯಾಯಿತು. ಪರರ ಆಳಿಕೆ 1947ರಲ್ಲಿ ಹೋಯಿತು. ರಹದಾರಿ ಮಾತ್ರ ಉಳಿಯಿತು.

ಇದನ್ನು ನಾನೊಬ್ಬನೇ ಹೇಳುತ್ತಿರುವೆನೆಂದು ತಿಳಿಯಬೇಡಿರಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು, ಪದವಿ ಅವಶ್ಯವಲ್ಲದ ಸೇವೆಗಳಲ್ಲಿ ಪದವಿಗೂ ಉದ್ಯೋಗಕ್ಕೂ ಇರುವ ಗಂಟನ್ನು ಬಿಡಿಸಲು ತೊಡಗಬೇಕೆಂದೂ, ಯೋಗ್ಯತೆಯನ್ನು ಅಳೆಯಲು ರಾಷ್ಟ್ರೀಯ ಪರೀಕ್ಷಾ ವ್ಯವಸ್ಥೆಯೊಂದು ಬೇಕೆಂದೂ ಸ್ಪಷ್ಟವಾಗಿ ಹೇಳಿತು. 2017ರಲ್ಲಿ ಪರೀಕ್ಷಾ ಸಂಸ್ಥೆಯೇನೋ ಹುಟ್ಟಿತು. ಆದರೆ ಅದು ಕಾಲೇಜಿಗೆ ಸೇರುವವರನ್ನು ಪರೀಕ್ಷಿಸಲು ತೊಡಗಿತೇ ಹೊರತು, ಕಾಲೇಜಿಗೆ ಹೋಗದವನ ಯೋಗ್ಯತೆಯನ್ನು ಅಳೆಯಲಿಲ್ಲ. ಅತ್ತ ಅಮೆರಿಕದ ಮೇರಿಲೆಂಡ್ ಸಂಸ್ಥಾನವು 2022ರಲ್ಲಿ ಸಾವಿರಾರು ಹುದ್ದೆಗಳಿಂದ ಈ ಷರತ್ತನ್ನು ತೆಗೆಯಿತು. 2023ರ ಜನವರಿಯಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನವು ತನ್ನ ನೂರಕ್ಕೆ 92 ಹುದ್ದೆಗಳನ್ನು, ಎಂದರೆ ಸುಮಾರು 65,000 ಹುದ್ದೆಗಳನ್ನು, ಪದವಿಯಿಲ್ಲದವರಿಗೂ ತೆರೆಯಿತು.

ಅಷ್ಟು ದೂರ ಹೋಗುವುದೇಕೆ? 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಶಿಲ್ಪಿಗಳನ್ನು ಅವರ ಉಳಿಯ ಕೆಲಸದಿಂದಲ್ಲದೆ ಬೇರೆ ಯಾವುದರಿಂದ ಅಳೆದಿದ್ದಾರು? 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಮನೆಗೆ ಹೋಗಿ ಆಣೆ ಆಣೆಯಾಗಿ ಹಣ ಸಂಗ್ರಹಿಸಿದವನಿಗೆ ಬೇಕಾಗಿದ್ದುದು ಲೆಕ್ಕದ ಜ್ಞಾನ, ನಾಲಗೆಯ ಸೌಜನ್ಯ ಮತ್ತು ಊರವರ ವಿಶ್ವಾಸ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಇಂದು ಸರಕಾರೀ ಬ್ಯಾಂಕಿನ ಗುಮಾಸ್ತೆಯಾಗಲು ಪದವಿ ಬೇಕೇ ಬೇಕು. ಕೋಟದ ಶಿವರಾಮ ಕಾರಂತರು ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟವರು. 1977ರಲ್ಲಿ ಜ್ಞಾನಪೀಠ ಪಡೆದರು. ಕಾರಂತರಂಥವರು ಶತಮಾನಕ್ಕೊಬ್ಬರು, ನಿಜ. ಆದರೆ ನಿಯಮವು ಅಂಥವರನ್ನೂ ಹೊಸ್ತಿಲಿನಲ್ಲಿ ತಡೆಯುವುದಾದರೆ, ದೋಷ ಯಾರದು?

ಪ್ರತಿವಾದಿಯ ವಾದವನ್ನೂ ಕೇಳುವುದು ಧರ್ಮ. ‘ಪದವಿಯ ಷರತ್ತಿಲ್ಲದಿದ್ದರೆ ಶಿಫಾರಸು ನುಗ್ಗುತ್ತದೆ’ ಎಂಬುದು ಅವರ ಬಲವಾದ ಮಾತು. ಇದರಲ್ಲಿ ಸತ್ಯವಿದೆ. ಪ್ರಮಾಣಪತ್ರವು ಬಡವನ ಮಗನಿಗೂ ಒಂದು ಕಾಲದಲ್ಲಿ ಗುರಾಣಿಯಾಗಿತ್ತು. ಆದರೆ ಶಿಫಾರಸನ್ನು ತಡೆಯುವುದು ಪದವಿಯಲ್ಲ, ಬಹಿರಂಗ ಸ್ಪರ್ಧೆಯ ಪರೀಕ್ಷೆ. ಆ ಪರೀಕ್ಷೆಯಂತೂ ಈಗಲೂ ಇದೆ. ‘ಅರ್ಜಿಗಳು ಲಕ್ಷಗಟ್ಟಲೆ ಬಂದಾವು’ ಎನ್ನುತ್ತಾರೆ. ಬರಲಿ, ಸೋಸುವ ಜರಡಿ ಯೋಗ್ಯತೆಯದಾಗಿರಲಿ, ತಂದೆಯ ಹಣದ ಚೀಲದ್ದಾಗಿರಬಾರದು. ವೈದ್ಯ, ಎಂಜಿನಿಯರ್, ಉಪಾಧ್ಯಾಯ, ನ್ಯಾಯಾಧೀಶ ಇವರಿಗೆ ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸವೇ ಕೇಳದ ಪದವಿಯನ್ನು ಜಾಹೀರಾತು ಕೇಳಬಾರದೆಂಬುದಷ್ಟೇ ನನ್ನ ವಾದ.

2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯೇ ರಾಜ್ಯಕ್ಕೆ ಮೊದಲನೆಯದಾಯಿತು. ಆ ಕೀರ್ತಿ ಇಲ್ಲಿರುವ ಉಪಾಧ್ಯಾಯರದು. ಆದರೆ ತೇರ್ಗಡೆಯಾದ ಮರುದಿನದಿಂದ ಬೀಡಿ ಸುತ್ತಿ ಮಗಳನ್ನು ಓದಿಸಿದ ತಾಯಿ ಇನ್ನೂ ಮೂರು ವರ್ಷದ ವೆಚ್ಚವನ್ನು ಎಲ್ಲಿಂದ ತರಬೇಕು? ಆ ಮೂರು ವರ್ಷ ಮಗಳ ಸಂಪಾದನೆಯೂ ಇಲ್ಲ. ವಿದ್ಯೆಯ ಮೇಲಿನ ಪ್ರೀತಿಯಿಂದ ಅವಳು ಕಾಲೇಜಿಗೆ ಹೋಗುವುದಾದರೆ ಸಂತೋಷ. ಗುಮಾಸ್ತೆಯಾಗುವುದಕ್ಕಾಗಿ ಹೋಗಬೇಕಾದುದು ವಿದ್ಯೆಗೂ ಅವಮಾನ.

ನನ್ನ ಬೇಡಿಕೆ ಮೂರೇ. ಪ್ರತಿಯೊಂದು ಇಲಾಖೆಯೂ ಪ್ರತಿ ಹುದ್ದೆಯ ಕೆಲಸವೇನೆಂದು ಬರೆದು, ಪದವಿ ಬೇಕಾದರೆ ಕಾರಣವನ್ನು ಪ್ರಕಟಿಸಲಿ. ಕಾರಣ ಕಾಣದ ಹುದ್ದೆಗೆ ಪಿಯುಸಿ, ಕನ್ನಡದ ಒಳ್ಳೆಯ ಜ್ಞಾನ, ಬಹಿರಂಗ ಪರೀಕ್ಷೆ ಮತ್ತು ಆರು ತಿಂಗಳ ತರಬೇತಿ ಸಾಕೆಂದು ನಿಯಮವಾಗಲಿ. ವರ್ಷಾನುಗಟ್ಟಲೆ ಅದೇ ಬಗೆಯ ಕೆಲಸ ಮಾಡಿದವನ ಅನುಭವಕ್ಕೆ ಬೆಲೆ ಸಿಗಲಿ.

ಮಹಾಶಯರೇ, ಈ ಜಿಲ್ಲೆ ಮದರಾಸಿನ ಆಡಳಿತದಲ್ಲಿದ್ದಾಗ, ನಮ್ಮ ಕಚೇರಿಗಳು ನಮ್ಮ ಮಾತಿನಲ್ಲಿ, ನಮ್ಮ ಜನರಿಂದ ನಡೆಯಬೇಕೆಂದು ಹಿರಿಯರು ಹೋರಾಡಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಕಾಸರಗೋಡು ಹೊರಗುಳಿದ ನೋವು ಇನ್ನೂ ಆರಿಲ್ಲ. ಭೂಪಟದ ಗೆರೆಯನ್ನು ಅಳಿಸಿದವರು ನಾವು, ಕಚೇರಿಯ ಹೊಸ್ತಿಲಿನಲ್ಲಿ ಮತ್ತೊಂದು ಗೆರೆಯನ್ನು ಉಳಿಸಿಕೊಂಡಿದ್ದೇವೆ. ಈ ಸಭೆಯಿಂದ ಒಂದು ಗೊತ್ತುವಳಿ ವಿಧಾನ ಸಭೆಯ ನಮ್ಮ ಪ್ರತಿನಿಧಿಗಳಿಗೆ ಹೋಗಲಿ. ಉಪಾಧ್ಯಾಯರು ಅದಕ್ಕೆ ಮೊದಲು ಸಹಿ ಮಾಡಲಿ. ನಾಳೆ ಬೆಳಿಗ್ಗೆ ನನ್ನ ಗುಮಾಸ್ತೆಯು ಕಚೇರಿಯ ಬಾಗಿಲು ತೆರೆಯುವಾಗ, ಅವನ ಕೈಗೆ ಆ ಗೊತ್ತುವಳಿಯ ಪ್ರತಿಯನ್ನು ಕೊಡುವ ಆಸೆ ನನ್ನದು. ಅದನ್ನು ಬೆರಳಚ್ಚು ಮಾಡಬೇಕಾದವನೂ ಅವನೇ.