ಘಟ್ಟದ ಮಳೆಯ ಬಗ್ಗೆ ಬರೆದದ್ದು ಎಲ್ಲಿದೆ?



2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಿಗೆ ಮಣ್ಣು, ಮರ, ಬಂಡೆಗಳು ಹೊಳೆಯೊಂದಿಗೆ ಇಳಿದು ಬಂದವು. ಬೆಳ್ತಂಗಡಿ ತಾಲೂಕಿನ ತೋಟಗಳು ಮರಳಿನಡಿಯಲ್ಲಿ ಹೂತವು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ ಪೇಟೆಯನ್ನು ಹೊಕ್ಕಿತು. ಮೇಘಸ್ಫೋಟವೆಂದರು ಕೆಲವರು, ಕಾಡು ಕಡಿದುದರ ಫಲವೆಂದರು ಕೆಲವರು. ಹವಾಮಾನ ಶಾಸ್ತ್ರದ ಪ್ರಕಾರ ಸಣ್ಣ ಪ್ರದೇಶವೊಂದರಲ್ಲಿ ಗಂಟೆಗೆ 100 ಮಿಲಿಮೀಟರಿಗೂ ಮಿಕ್ಕಿ ಸುರಿದರೆ ಮಾತ್ರ ಅದು ಮೇಘಸ್ಫೋಟ. ಇಡೀ ದಿನದ ಮಳೆಯ ಮೊತ್ತ ನೋಡಿ ಹಾಗೆ ಹೇಳಲಾಗದು. ಊರಿನವರ ಪ್ರಶ್ನೆಗೆ ಆಧಾರಸಹಿತ ಉತ್ತರ ಕೊಡಬೇಕಾದ ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು, ಈ ಮಳೆಯ ಬಗ್ಗೆ ಈಗಾಗಲೇ ಬರೆದಿರುವುದನ್ನು ಹುಡುಕುವ ವಿದ್ಯೆಯನ್ನು.

ಮೊದಲ ತೊಡಕು ಊರಿನ ಹೆಸರಿನಲ್ಲಿಯೇ ಇದೆ. ಗಣಕಯಂತ್ರವು ಅಕ್ಷರವನ್ನು ನೋಡುತ್ತದೆ, ಊರನ್ನಲ್ಲ. ನೇತ್ರಾವತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಅಕ್ಷರದ ಬಳಿಕ 'ಎಚ್' ಸೇರಿಸಿದವರಿದ್ದಾರೆ, ಬಿಟ್ಟವರಿದ್ದಾರೆ. ಬೆಳ್ತಂಗಡಿಗೂ ಅದೇ ಪಾಡು. ಮೂಡುಬಿದಿರೆಗಂತೂ ನಾಲ್ಕೈದು ರೂಪಗಳಿವೆ. ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಸೌತ್ ಕೆನರಾ. 1894ರ ಸ್ಟರಕ್ ಅವರ ಜಿಲ್ಲಾ ಕೈಪಿಡಿಯು ಆ ಹೆಸರಿನಲ್ಲಲ್ಲದೆ ಸಿಕ್ಕದು. ಒಂದೇ ರೂಪ ಬರೆದು ಹುಡುಕಿ, ಏನೂ ಇಲ್ಲವೆಂದು ಕೈಚೆಲ್ಲುವವರೇ ಹೆಚ್ಚು. ಬಂಟ್ವಾಳದ ಹೆಸರಿನಿಂದ ಮಾತ್ರ ಲಾಭವುಂಟು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವು ಅಲ್ಲಿರುವುದರಿಂದ ನೇತ್ರಾವತಿಯ ಹರಿವಿನ ಬಗೆಗಿನ ಅನೇಕ ಪ್ರಬಂಧಗಳಲ್ಲಿ ಆ ಊರು ಬಂದೇ ಬರುತ್ತದೆ.

ಒಂದು ಒಳ್ಳೆಯ ಪ್ರಬಂಧ ದೊರೆತರೆ ಅದರ ಹಿಂದಕ್ಕೂ ಮುಂದಕ್ಕೂ ನಡೆಯಬಹುದು. ಆರ್.ಪಿ. ಸರ್ಕಾರ್ ಅವರು 1966ರಲ್ಲಿ 'ಮಂತ್ಲಿ ವೆದರ್ ರಿವ್ಯೂ' ಪತ್ರಿಕೆಯಲ್ಲಿ, ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ಎಷ್ಟು ಮಳೆ ಸುರಿದೀತೆಂದು ಲೆಕ್ಕ ಹಾಕಿದರು. ಯಾರು ಅದನ್ನು ಉಲ್ಲೇಖಿಸಿದ್ದಾರೆಂದು 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್‌ನಲ್ಲಿ ನೋಡುತ್ತ ಹೋದರೆ 1984ರ ಗ್ರಾಸ್‌ಮನ್ ಮತ್ತು ಡರನ್ ಎದುರಾಗುತ್ತಾರೆ. ಘಟ್ಟವು ಗಾಳಿಯನ್ನು ತಡೆಯುವುದರಿಂದ ಕರಾವಳಿ ತಲುಪುವ ಮೊದಲೇ, ಕಡಲಿನ ಮೇಲೆಯೇ ಗಾಳಿ ಮೇಲೇಳತೊಡಗುತ್ತದೆ ಎಂಬುದು ಅವರ ವಾದ. ಇನ್ನೂ ಮುಂದೆ ಹೋದರೆ 1988ರಲ್ಲಿ ಓಗುರಾ ಮತ್ತು ಯೋಶಿಝಾಕಿ, ಬೆಟ್ಟವೊಂದೇ ಸಾಲದು, ಕಡಲಿನಿಂದೇಳುವ ಶಾಖ ಮತ್ತು ತೇವವೂ ಬೇಕು ಎನ್ನುತ್ತಾರೆ. ಮೊದಲ ಪ್ರಬಂಧವನ್ನಷ್ಟೇ ಓದಿ ನಿಲ್ಲಿಸಿದವನಿಗೆ ಈ ಜಗಳವೇ ತಿಳಿಯುತ್ತಿರಲಿಲ್ಲ. ವಿಜ್ಞಾನವಿರುವುದು ಆ ಜಗಳದಲ್ಲಿ.

ಹಣದ ಮಾತೂ ಇದೆ. 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು ಸುಮಾರು 13,000 ನಿಯತಕಾಲಿಕೆಗಳನ್ನು ತೆರೆದುಕೊಟ್ಟಿತು. ಆದರೆ ಮೊದಲ ಹಂತದಲ್ಲಿ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಮೂಡುಬಿದಿರೆಯ ಬಹುಪಾಲು ಕಾಲೇಜುಗಳು ಖಾಸಗಿಯವು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಹವಾಮಾನ ಇಲಾಖೆಯು 1950ರಿಂದ ಹೊರತರುತ್ತಿರುವ, 1979ರಿಂದ 'ಮೌಸಮ್' ಎಂಬ ಹೆಸರಿರುವ ಪತ್ರಿಕೆ ಉಚಿತ. ಮೇಲೆ ಹೇಳಿದ ಅಮೆರಿಕದ ಪತ್ರಿಕೆಯ ಹಳೆಯ ಸಂಚಿಕೆಗಳೂ, 'ಶೋಧಗಂಗಾ'ದಲ್ಲಿರುವ ಪಿಎಚ್.ಡಿ. ಪ್ರಬಂಧಗಳೂ ಉಚಿತವೇ.

ಕೋಶಗಳಿಗೆ ಸಿಗದ ಬರಹವೂ ಉಂಟೆಂಬುದಕ್ಕೆ ಎತ್ತಿನಹೊಳೆಗಿಂತ ಬೇರೆ ಸಾಕ್ಷಿ ಬೇಡ. ಸಕಲೇಶಪುರದ ಆ ಹೊಳೆಯ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರಿ ಬಂಟ್ವಾಳಕ್ಕೆ ಬರುವಂಥದ್ದು. ಯೋಜನೆಯ ವರದಿ 24 ಟಿಎಂಸಿ ನೀರು ದೊರೆಯುವುದೆಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ 2015ರ ವರದಿ ಸುಮಾರು 9.55 ಟಿಎಂಸಿ ಎಂದಿತು. ಇಷ್ಟು ದೊಡ್ಡ ಅಂತರವು ಮಳೆಯ, ಹರಿವಿನ ಲೆಕ್ಕದಿಂದ ಹುಟ್ಟಿದ್ದು. ಇಂಥ ವರದಿಗಳನ್ನು ಕೋಶದಲ್ಲಿ ಹುಡುಕುತ್ತ ಕೂರದೆ, ಸಂಸ್ಥೆಯ ತಾಣಕ್ಕೇ ಹೋಗಿ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಓದುವಾಗ ಅಂಕಿಅಂಶ ಎಲ್ಲಿಂದ ಬಂತೆಂಬುದನ್ನು ನೋಡದೆ ಬಿಡಬಾರದು. ಬಹಳಷ್ಟು ಸಂಶೋಧಕರು ಬಳಸುವುದು ಡಿ.ಎಸ್. ಪೈ ಮತ್ತು ಸಂಗಡಿಗರು 2014ರಲ್ಲಿ 'ಮೌಸಮ್'ನಲ್ಲಿ ವಿವರಿಸಿದ, 1901ರಿಂದ ಮೊದಲಾಗುವ ಮಳೆಯ ಚೌಕಗಳನ್ನು. ದೇಶದ 6,955 ಮಾಪಕಗಳಿಂದ ಕಟ್ಟಿದ ದೊಡ್ಡ ಕೆಲಸವದು. ಆದರೆ ಒಂದೊಂದು ಚೌಕದ ಅಗಲ ಹೆಚ್ಚುಕಡಿಮೆ 27 ಕಿಲೋಮೀಟರ್. ಬೆಳ್ತಂಗಡಿ ಪೇಟೆಗೂ ಚಾರ್ಮಾಡಿಗೂ ನಡುವಿನ ಅಂತರ ಅಷ್ಟಿಲ್ಲ. ಕಣಿವೆಯೊಂದರ ಮೇಲೆ ಸುರಿದದ್ದು ಅಷ್ಟಗಲದ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲ ಬರಹ ಅಡಿಕೆ ಬೆಳೆಗಾರರ ಮನೆಗಳಲ್ಲಿದೆ. ಅಂಗಳದಲ್ಲಿ ಮಳೆಮಾಪಕವಿಟ್ಟು ವರ್ಷಗಟ್ಟಲೆ ಬರೆದಿಟ್ಟವರು ಈ ಸೀಮೆಯಲ್ಲಿದ್ದಾರೆ. ಅವರ ಪುಸ್ತಕವನ್ನು ಇಲಾಖೆಯ ಅಂಕಿಯೊಡನೆ ತಾಳೆ ನೋಡುವ ವಿದ್ಯಾರ್ಥಿ, ಅಳೆದ ಹೊತ್ತನ್ನು ಕೇಳಿಕೊಳ್ಳಬೇಕು. ಇಲಾಖೆಯ ಮಳೆದಿನವು ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಎಂಟನೆಯ ತಾರೀಕಿನ ರಾತ್ರಿ ಸುರಿದ ಮಳೆ ಅಲ್ಲಿ ಒಂಬತ್ತನೆಯ ತಾರೀಕಿನದು.